ಧರೆ ಕೆಳಗಿನ 11 ಮನೆ: ಮೃಗಶಿರಾ ಹಿಡಿಯುವ ಮೊದಲು ಯಾವ ಕೆಲಸ ಮೊದಲು?

ಬ್ಯಾಣದಂಚು (ಪ್ರಶ್ನೆ)

ಹೊಸನಗರ ತಾಲ್ಲೂಕು, ಗುಡ್ಡದ ಬುಡದ ಮಜರೆ, 28 ಮನೆ. ಅದರಲ್ಲಿ 11 ಮನೆಗಳ ಹಿತ್ತಲಿಗೆ ಧರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ಅಂಟಿಕೊಂಡೇ ಇದೆ. ಎತ್ತರ 8 ಅಡಿಯಿಂದ 20 ಅಡಿವರೆಗೆ. ನಾಲ್ಕು ಕಡೆ ಜೆಸಿಬಿಯಲ್ಲಿ ನೆಟ್ಟಗೆ ಕಡಿದದ್ದು, ಉಳಿದವು ಹಳೇ ಧರೆಗಳು. ಧರೆಯ ಮೇಲೆ ಬ್ಯಾಣ (ಹುಲ್ಲುಗಾವಲು), ಬ್ಯಾಣದ ಮೇಲೆ ಅಕೇಶಿಯಾ ತೋಪು, ತೋಪಿನಲ್ಲಿ ಅಡ್ಡಲಾಗಿ ಸುಮಾರು 300 ಮೀಟರ್ ಮಣ್ಣು ರಸ್ತೆ. ಹೋದ ವರ್ಷ ಆಶ್ಲೇಷ ಮಳೆಯಲ್ಲಿ ಬ್ಯಾಣದಲ್ಲಿ ಬಿಟ್ಟ ಬಿರುಕು ಈಗಲೂ ಕಾಣುತ್ತದೆ. ಉದ್ದ 20 ಮೀಟರ್, ಅಗಲ ಎರಡು ಬೆರಳು. ಊರಿಂದ ಹೊರಗೆ ಬರಲು ಹಳ್ಳಕ್ಕೆ ಎರಡು ಕಾಲುಸಂಕ, ಒಂದು ಸಿಮೆಂಟಿನದು, ಇನ್ನೊಂದು ಅಡಿಕೆ ದಬ್ಬೆಯದು.

ನಮ್ಮ ಕೈಲಿರುವುದು ನಾಲ್ಕು ಭಾನುವಾರ, ದಿನಕ್ಕೆ 30 ಆಳಿನ ಶ್ರಮದಾನ, ಒಂದು ದಿನದ ಜೆಸಿಬಿ, ಪಂಚಾಯಿತಿಯಿಂದ ಒಂದಿಷ್ಟು ಸಾಮಾನು. ಊರಲ್ಲಿ ಎರಡು ಅಭಿಪ್ರಾಯ ಇದೆ. ಎಲ್ಲಕ್ಕಿಂತ ಎತ್ತರದ ಧರೆಗೆ ತಡೆಗೋಡೆ ಕಟ್ಟೋಣ ಅಂತ ಕೆಲವರು. ಬ್ಯಾಣದ ತುಂಬಾ ಇಂಗುಗುಂಡಿ ತೆಗೆದರೆ ನೀರು ಕೆಳಗೆ ಇಳಿಯುವುದೇ ಇಲ್ಲ ಅಂತ ಉಳಿದವರು. ಯಾವುದು ಸರಿ? ಎಷ್ಟು ಮಳೆ ಬಂದರೆ ಮನೆ ಬಿಡಬೇಕು ಅನ್ನುವುದಕ್ಕೆ ಏನಾದರೂ ಲೆಕ್ಕ ಇದೆಯಾ?

ಕಾಟುಕಲ್ಲು

ಇಂಗುಗುಂಡಿ ಮಾತ್ರ ಬೇಡ ಮಾರಾಯ್ರೇ. ಸಮತಟ್ಟು ಜಾಗದಲ್ಲಿ, ಬಾವಿಯ ಮೇಲ್ಗಡೆ, ಅದು ಒಳ್ಳೆಯ ಕೆಲಸವೇ. ಆದರೆ ಧರೆಯ ನೆತ್ತಿಯಲ್ಲಿ, ಅದೂ ಬಿರುಕು ಬಿಟ್ಟ ಬ್ಯಾಣದಲ್ಲಿ ಗುಂಡಿ ತೆಗೆದರೆ ಧರೆಯ ಹೊಟ್ಟೆಗೆ ನೀವೇ ನೀರು ಕುಡಿಸಿದ ಹಾಗೆ.

ನಮ್ಮ ಕಡೆ ಗುಡ್ಡ ಕಡಿದಾಗ ಮೇಲೆ ಕೆಂಪು ಮಣ್ಣು, ಜಂಬಿಟ್ಟಿಗೆ ಪದರ ಸಿಗುತ್ತದೆ. ಅದರ ಕೆಳಗೆ ಬಿಳಿ, ಹಳದಿ, ಕೆನ್ನೀಲಿ ಬಣ್ಣದ ಮೆತ್ತನೆಯ ಶೇಡಿ. ಬೇಸಿಗೆಯಲ್ಲಿ ಶೇಡಿ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಅದನ್ನು ನೋಡಿಯೇ ಜನ 90 ಡಿಗ್ರಿಯಲ್ಲಿ ಕಡಿಯುವ ಧೈರ್ಯ ಮಾಡುವುದು. ಮಳೆಗಾಲದಲ್ಲಿ ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದ ನೀರು ಶೇಡಿಯ ತಲೆಗೆ ಬಂದು ನಿಲ್ಲುತ್ತದೆ, ಮುಂದೆ ಬೇಗ ಇಳಿಯಲಾರದು. ಆಗ ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿ ಹಿಡಿತ ಬಿಟ್ಟುಹೋಗುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಮಾರನೇ ದಿನವೂ ಧರೆ ಜಾರುವುದು ಇದಕ್ಕೇ. ಆದ್ದರಿಂದ ಮೇಲಿನ ನೀರು ಅಲ್ಲಿ ನಿಲ್ಲದ ಹಾಗೆ, ಇಂಗದ ಹಾಗೆ, ಪಕ್ಕದ ಸರಲಿಗೆ (ಮಳೆನೀರು ಇಳಿಯುವ ಸಣ್ಣ ಹಳ್ಳಕ್ಕೆ) ದಾಟಿಸುವುದೇ ಮೊದಲ ಕೆಲಸ. ಗೋಡೆ ವಿಚಾರ ಆಮೇಲೆ.

ಮೊದಲ ಭಾನುವಾರ ಬಿರುಕಿನಿಂದಲೂ 5 ಮೀಟರ್ ಮೇಲೆ ಅಡ್ಡಗಾಲುವೆ ಹಾಕಿ. ಬಿರುಕಿಗೂ ಧರೆಗೂ ನಡುವೆ ಹಾಕಬೇಡಿ, ಜಾರಿದರೆ ಕಾಲುವೆಯೂ ಜೊತೆಗೇ ಹೋಗುತ್ತದೆ, ಅದರಲ್ಲಿದ್ದ ನೀರೆಲ್ಲ ಬಿರುಕಿಗೆ. ಅಳತೆ: ತಳ 1 ಅಡಿ, ಬಾಯಿ 2 ಅಡಿ, ಆಳ 1 ಅಡಿ, 100 ಅಡಿ ಉದ್ದಕ್ಕೆ 1 ಅಡಿ ಇಳಿಜಾರು. ಇಷ್ಟು ಸಣ್ಣದು ಸಾಕಾ ಅಂತ ಕೇಳುವವರಿಗೆ ಲೆಕ್ಕ: ಒಂದು ಎಕರೆಯ ಮೇಲೆ ಗಂಟೆಗೆ 50 ಮಿ.ಮೀ. ಸುರಿದು ಒಂದು ಹನಿಯೂ ಇಂಗದಿದ್ದರೂ ಸೆಕೆಂಡಿಗೆ 56 ಲೀಟರ್ ಬರುತ್ತದೆ. ಈ ಅಳತೆಯ ಕಾಲುವೆ ತುಂಬಿ ಹರಿದರೆ ಅದರ ಎರಡರಷ್ಟು ಒಯ್ಯುತ್ತದೆ. ಅರ್ಧ ದರಗು (ಒಣ ಎಲೆ) ತುಂಬಿಕೊಂಡರೂ ನಡೆಯುತ್ತದೆ ಅಂತಲೇ ಆ ಹೆಚ್ಚಳ. 200 ಮೀಟರಿಗೆ ಸುಮಾರು 28 ಘನ ಮೀಟರ್ ಮಣ್ಣು, 30 ಆಳಿಗೆ ಒಂದು ದಿನದ ಕೆಲಸ. ಜೆಸಿಬಿಯನ್ನು ಬ್ಯಾಣಕ್ಕೆ ಹತ್ತಿಸಬೇಡಿ.

ಇಳಿಜಾರು ಅಳೆಯಲು ಕಣ್ಣಳತೆ ನಂಬಬೇಡಿ. ಪಾರದರ್ಶಕ ಲೆವೆಲ್ ಪೈಪಿನಲ್ಲಿ ನೀರು ತುಂಬಿ 10 ಮೀಟರಿಗೊಂದು ಗೂಟ ಹೊಡೆದು, ಒಂದೊಂದು ಗೂಟಕ್ಕೆ 10 ಸೆಂ.ಮೀ. ಇಳಿಸುತ್ತಾ ಹೋಗಿ. 50ಕ್ಕೆ 1ಕ್ಕಿಂತ ಕಡಿದಾದರೆ ನೀರು ತಳ ಕೊರೆಯುತ್ತದೆ, ಸಮತಟ್ಟಾದರೆ ನಿಂತು ಇಂಗುತ್ತದೆ. ತಳಕ್ಕೂ ಎರಡು ಬದಿಗೂ ಜೇಡಿ ಮಣ್ಣು ಬಡಿದು, ಮೇಲೆ 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ಟಾರ್ಪಾಲು ಹಾಸಿ. ಒಳಮೈ ಬಿಗಿ ಮಾಡದ ಅಡ್ಡಗಾಲುವೆ ಅಂದರೆ ಉದ್ದನೆಯ ಇಂಗುಗುಂಡಿ, ಅಷ್ಟೇ. ಅಗೆದ ಮಣ್ಣನ್ನು ಕೆಳಬದಿಗೆ ಹಾಕಿ ತುಳಿದು ಏರಿ ಮಾಡಿ, ಧರೆಯ ಅಂಚಿಗೆ ತಂದು ಸುರಿಯಬೇಡಿ.

ಕಾಲುವೆ ಸರಲಿಗೆ ಬೀಳುವ ಕಡೆ ಜಂಬಿಟ್ಟಿಗೆಯಿಂದ 1 ಅಡಿಯ ಮೆಟ್ಟಿಲು ಮಾಡಿ, ಒಂದೊಂದು ಮೆಟ್ಟಿಲ ಬುಡದಲ್ಲೂ 3 ಅಡಿ ಚಪ್ಪಡಿ ಹಾಸಿ. ಇಲ್ಲದಿದ್ದರೆ ಎರಡೇ ಮಳೆಗೆ ಅಲ್ಲೊಂದು ಹೊಸ ಕೊರಕಲು ಶುರುವಾಗುತ್ತದೆ. ಇನ್ನೊಬ್ಬರ ಧರೆ ಮೇಲೆ ಬಾಯಿ ಬಿಡಿಸಿ ಜಗಳಕ್ಕೆ ಹೋಗಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ಆದರೆ ಆಗುವುದು ಅದೇ.

ರಸ್ತೆ ಮರೆಯಬೇಡಿ. 300 ಮೀಟರ್ ಉದ್ದ, 4 ಮೀಟರ್ ಅಗಲದ ರಸ್ತೆ ಗಂಟೆಗೆ 50 ಮಿ.ಮೀ. ಮಳೆಗೆ ಸೆಕೆಂಡಿಗೆ ಸುಮಾರು 17 ಲೀಟರ್ ಕೊಡುತ್ತದೆ, ಸೆಕೆಂಡಿಗೊಂದು ಕೊಡ ಅಂದುಕೊಳ್ಳಿ. ಇದೆಲ್ಲ ಒಂದೇ ಮೋರಿಯಲ್ಲಿ ಬಂದು ಬ್ಯಾಣಕ್ಕೆ ಬೀಳುತ್ತಿದ್ದರೆ ನಿಮ್ಮ ಬಿರುಕಿಗೆ ಕಾರಣ ಅಲ್ಲೇ ಇರಬಹುದು. ಮೋರಿಯ ಬಾಯಿಯಿಂದ ನೇರ ಸರಲಿಗೆ ಕಾಲುವೆ ಎಳೆಯಿರಿ. ರಸ್ತೆಯನ್ನು ಗುಡ್ಡದ ಕಡೆಗೆ ಸ್ವಲ್ಪ ವಾಲಿಸಿ ಒಳಬದಿಯಲ್ಲಿ ಚರಂಡಿ ಬಿಡಿಸಿದರೆ ಇನ್ನೂ ಒಳ್ಳೆಯದು. ಜೆಸಿಬಿಯ ಆ ಒಂದು ದಿನವನ್ನು ಇದಕ್ಕೇ ಬಳಸಿ.

ಇನ್ನೊಂದು ಸಣ್ಣದು, ಯಾರೂ ನೋಡುವುದಿಲ್ಲ: ಅಬ್ಬಿ ಪೈಪು. ಮೇಲಿಂದ ಮನೆಗೆ ನೀರು ತರುವ ಪೈಪಿನ ಜಾಯಿಂಟು ಧರೆಯ ತಲೆಯಲ್ಲಿ ಒಸರುತ್ತಿದ್ದರೆ ಅದು ಹಗಲೂ ರಾತ್ರಿ ಇಳಿಯುವ ನೀರು. ಟ್ಯಾಂಕಿಯ ಹೆಚ್ಚುವರಿ ನೀರು, ಗೊಬ್ಬರಗುಂಡಿ, ಶುಂಠಿ ಪಟ್ಟೆಯ ಕಪ್ಪು (ಬಸಿಗಾಲುವೆ), ಎಲ್ಲವನ್ನೂ ಧರೆಯಿಂದ ಆಚೆಗೆ ತಿರುಗಿಸಿ. ಹಿಂಬದಿ ಸೂರಿನ ನೀರು ಸೀದಾ ಧರೆಯ ಬುಡಕ್ಕೆ ಬೀಳುತ್ತದೆ. 1,000 ಚದರ ಅಡಿ ಮಾಡಿನ ಅರ್ಧ ಅಂದರೂ 100 ಮಿ.ಮೀ. ಮಳೆಗೆ 4,600 ಲೀಟರ್. ಅಡಿಕೆ ದಂಬೆಯೋ ಪಿವಿಸಿ ದೋಣಿಯೋ ಕಟ್ಟಿ ಅಂಗಳದ ಕಡೆಗೆ ತನ್ನಿ.

ಮಳೆಪಟ್ಟಿ

ಕಾಲುವೆ ವಿಚಾರಕ್ಕೆ ನನ್ನದೂ ಅದೇ ಮಾತು. ಮಳೆ ಲೆಕ್ಕದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ.

ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5ರಿಂದ ಮೇಲೆ ವಿಪರೀತ ಭಾರಿ. ಇದು ಇಡೀ ದೇಶಕ್ಕೆ ಒಂದೇ ಅಳತೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಗೂ, ಅದರ ಕಾಲುಭಾಗವೂ ಬಾರದ ಶಿಕಾರಿಪುರಕ್ಕೂ ಅದೇ. ಮೇಲಾಗಿ ರೆಡ್ ಅಲರ್ಟ್ ಬರುವುದು ಜಿಲ್ಲೆಗೆ. ಶಿವಮೊಗ್ಗ ಜಿಲ್ಲೆಗೆ ಆರೆಂಜ್ ಅಂದ ದಿನ ಭದ್ರಾವತಿಯಲ್ಲಿ ತುಂತುರು ಇರಬಹುದು, ಹುಲಿಕಲ್ಲು ಕಡೆ ಆಕಾಶವೇ ಕಳಚಿ ಬೀಳುತ್ತಿರಬಹುದು. ಆದ್ದರಿಂದ ಅಲರ್ಟಿನ ಬಣ್ಣವನ್ನು ತಯಾರಿಗೆ ಮಾತ್ರ ಬಳಸಿ. ಮನೆ ಬಿಡುವ ತೀರ್ಮಾನ ನಿಮ್ಮ ಊರಿನ ಮಳೆಮಾಪಕದ ಮೇಲೆ ಇರಲಿ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಆದರೆ ಮಲೆನಾಡಿನಲ್ಲಿ ಒಂದು ಪಂಚಾಯಿತಿ ಅಂದರೆ ಮೂರು ಗುಡ್ಡ, ನಾಲ್ಕು ಕಣಿವೆ. ನಿಮ್ಮದೇ ಒಂದು ಇಟ್ಟುಕೊಳ್ಳಿ, ಖರ್ಚು ಏನೂ ಇಲ್ಲ. 110 ಮಿ.ಮೀ. ಪಿವಿಸಿ ಪೈಪು 2 ಅಡಿ, ಒಂದು ಎಂಡ್ ಕ್ಯಾಪು, ಅಂಟು. ಬಾಯಿಯನ್ನು ಆಕ್ಸಾ ಬ್ಲೇಡಿನಲ್ಲಿ ಸಮವಾಗಿ ಕತ್ತರಿಸಿ ಉಜ್ಜಿ. ಕಂಬಕ್ಕೆ ಲೆವೆಲ್ ಇಟ್ಟು ನೆಟ್ಟಗೆ ಕಟ್ಟಿ, ಪೈಪಿನ ಬಾಯಿ ಕಂಬದ ತುದಿಗಿಂತ ಒಂದು ಗೇಣು ಮೇಲಿರಲಿ. ಇಲ್ಲದಿದ್ದರೆ ಕಂಬಕ್ಕೆ ಬಡಿದ ಹನಿಯೂ ಒಳಗೆ ಬೀಳುತ್ತದೆ. ಹತ್ತಿರದ ಮರ, ಮನೆಯ ಎತ್ತರದ ಎರಡರಷ್ಟು ದೂರ ಇರಬೇಕು. ತೋಟದ ನಡುವೆ ಇಟ್ಟರೆ ಸೋಗೆಯ ನೀರು ಅಳೆದಂತೆ.

ಪೈಪಿನ ಅಗಲ ಮೇಲಿಂದ ಕೆಳಗೆ ಒಂದೇ ಆದ್ದರಿಂದ ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಮಿ.ಮೀ. ಸ್ಟೀಲ್ ಸ್ಕೇಲು ಇಳಿಸಿ ನೋಡಿ, ಬರೆದುಕೊಂಡು, ಚೆಲ್ಲಿ. ಸ್ಕೇಲಿನ ಸೊನ್ನೆ ತುದಿಯಿಂದಲೇ ಶುರುವಾಗುತ್ತದಾ ನೋಡಿಕೊಳ್ಳಿ, ಕೆಲವದರಲ್ಲಿ 5 ಮಿ.ಮೀ. ಖಾಲಿ ಬಿಟ್ಟಿರುತ್ತಾರೆ. ತಳಕ್ಕೆ ಕೊಳವೆ ಕಿರಿದಾಗುವ ಬಾಟಲಿ ಬಳಸಿದರೆ ಲೆಕ್ಕ ಪೂರಾ ತಪ್ಪು. ದಿನಾ ಬೆಳಿಗ್ಗೆ 8.30ಕ್ಕೇ ಓದಿ, ಇಲಾಖೆಯ ದಿನವೂ ಅಲ್ಲಿಂದಲೇ ಶುರು, ಪತ್ರಿಕೆಯಲ್ಲಿ ಬರುವ ಅಂಕಿಯ ಜೊತೆ ಹೋಲಿಸಬಹುದು. ಜಡಿಮಳೆ ಹಿಡಿದ ದಿನ 3 ಗಂಟೆಗೊಮ್ಮೆ ಓದಿ, ಆದರೆ ಚೆಲ್ಲದೆ.

ಈಗ ಗೆರೆ ಎಲ್ಲಿ ಎಳೆಯುವುದು? ಧರೆ ಜಾರುವುದಕ್ಕೆ ಎರಡು ಕೂಡಿಬರಬೇಕು: ಹಲವು ದಿನದ ಮಳೆಗೆ ಮಣ್ಣು ತೊಯ್ದು ತುಂಬಿರುವುದು, ಅದರ ಮೇಲೆ ಕೆಲವು ಗಂಟೆಯ ಜೋರು ಹೊಡೆತ. ಜೂನ್ ಮೊದಲ ವಾರದ 150 ಮಿ.ಮೀ.ಯನ್ನು ಒಣ ಗುಡ್ಡ ಕುಡಿದುಬಿಡುತ್ತದೆ. ಅದೇ 150 ಪುಷ್ಯ, ಆಶ್ಲೇಷದಲ್ಲಿ ಬಂದರೆ ಕಥೆ ಬೇರೆ. 2018ರ ಕೊಡಗು, 2019ರ ಮೂಡಿಗೆರೆ ಕಡೆಯ ಕುಸಿತಗಳು ಆಗಸ್ಟಿನವು. 2024ರ ಶಿರೂರು ಜುಲೈ 16, ವಯನಾಡು ಜುಲೈ 30. ಆದ್ದರಿಂದ ಎರಡು ಕಂಬಸಾಲು ಇಡಿ: ಇವತ್ತಿನ 24 ಗಂಟೆ, ಕಳೆದ 3 ದಿನದ ಒಟ್ಟು. ಆರಂಭಕ್ಕೆ ಹೀಗೆ ಇಟ್ಟುಕೊಳ್ಳಬಹುದು: ಪುನರ್ವಸು ಮಳೆ ಕಳೆದ ಮೇಲೆ (ಜುಲೈ ಮೂರನೇ ವಾರದ ನಂತರ), 3 ದಿನದ ಒಟ್ಟು 400 ದಾಟಿದ್ದು, ಆ ದಿನ ಮಧ್ಯಾಹ್ನದೊಳಗೆ ಯಾವುದೇ 3 ಗಂಟೆಯಲ್ಲಿ 75 ಬಂದರೆ ಧರೆ ಬುಡದ ಮನೆಯವರು ಆ ರಾತ್ರಿ ಅಲ್ಲಿ ಮಲಗುವುದಿಲ್ಲ. ಇದು ಸಂಶೋಧನೆಯ ಮಿತಿ ಅಲ್ಲ, ಊರು ಒಪ್ಪಿ ಇಟ್ಟುಕೊಳ್ಳುವ ಗೆರೆ. ಎರಡು ಮಳೆಗಾಲದ ಪಟ್ಟಿ ಕೈಗೆ ಬಂದರೆ, ಎಂಥ ಮಳೆಗೆ ಎಲ್ಲಿ ಸಣ್ಣಪುಟ್ಟ ಕುಸಿತ ಆಯಿತು ನೋಡಿ ಮೇಲೆ ಕೆಳಗೆ ಮಾಡಿ.

ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ಸಾಧ್ಯತೆ ನಕ್ಷೆ ನೋಡಿ, ನಮ್ಮ ಜಾಗ ಹಸಿರಲ್ಲಿದೆ ಅಂತ ನೆಮ್ಮದಿಯಾಗಬೇಡಿ. ಅದು 1:50,000 ಅಳತೆಯದು. ನಕ್ಷೆಯ 1 ಮಿ.ಮೀ. ಅಂದರೆ ನೆಲದ ಮೇಲೆ 50 ಮೀಟರ್. ನಿಮ್ಮ ಹಿತ್ತಲ 20 ಅಡಿ ಧರೆ ಅದರಲ್ಲಿ ಕಾಣುವುದೇ ಇಲ್ಲ.

ಸೈಜುಗಲ್ಲು

ಎಲ್ಲರೂ ಗೋಡೆಯನ್ನು ಬದಿಗಿಟ್ಟಿರಿ. ನಾನು ಗೋಡೆಯ ಪರವೇ, ಆದರೆ ಈ ನಾಲ್ಕು ಭಾನುವಾರದಲ್ಲಿ ಅಲ್ಲ. ಗೋಡೆಯ ಪಾಯಕ್ಕೆ ಧರೆಯ ಬುಡ ಅಗೆಯಬೇಕು. ಮಳೆಗೆ ಮೂರು ವಾರ ಇರುವಾಗ ಬುಡ ಬಿಚ್ಚಿ, ಕಲ್ಲಿನ ಲಾರಿ ಬರಲಿಲ್ಲ ಅಂತ ಹಾಗೇ ಬಿಟ್ಟರೆ ಅದಕ್ಕಿಂತ ದೊಡ್ಡ ಅಪಾಯ ಇಲ್ಲ. ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಒಂದು ಸಲಕ್ಕೆ 2-3 ಮೀಟರ್ ಮಾತ್ರ ಬಿಚ್ಚಿ ಕಟ್ಟಿ ಮುಗಿಸಿ, ಒಂದು ಬಿಟ್ಟು ಒಂದು ಭಾಗದಂತೆ ಹೋಗಿ.

ನಮ್ಮಲ್ಲಿ ಬಿದ್ದ ತಡೆಗೋಡೆಗಳಲ್ಲಿ ಕಾಣುವುದು ಬಹುಪಾಲು ಎರಡೇ ತಪ್ಪು. ಮೊದಲನೆಯದು ದಪ್ಪ. ಕಲ್ಲಿನ ಗೋಡೆ ತನ್ನ ಭಾರದಿಂದಲೇ ಮಣ್ಣು ತಡೆಯುವುದು. 10 ಅಡಿ ಎತ್ತರಕ್ಕೆ ತಳದಲ್ಲಿ ಕನಿಷ್ಠ 5ರಿಂದ 6 ಅಡಿ ಅಗಲ ಬೇಕು, ಮೇಲಕ್ಕೆ 2 ಅಡಿಗೆ ಇಳಿಸಬಹುದು. ಒಂದೂವರೆ ಅಡಿ ದಪ್ಪಕ್ಕೆ ನೆಟ್ಟಗೆ ಏರಿಸಿದ್ದು ಕಾಂಪೌಂಡು, ತಡೆಗೋಡೆ ಅಲ್ಲ. ಎರಡನೆಯದು ನೀರು. 3 ಮೀಟರ್ ಗೋಡೆಯ ಹಿಂದೆ ನೀರು ಮೇಲಿನವರೆಗೆ ತುಂಬಿ ನಿಂತರೆ ಉದ್ದದ ಒಂದೊಂದು ಮೀಟರಿಗೂ ಸುಮಾರು 4.5 ಟನ್ ದೂಡುತ್ತದೆ, ಮಣ್ಣಿನ ಒತ್ತಡ ಇದರ ಮೇಲೆ. ಆ ನೀರಿಗೆ ದಾರಿ ಬಿಡಬೇಕು: 3 ಅಥವಾ 4 ಇಂಚಿನ ಪಿವಿಸಿ ತುಂಡು, ಅಡ್ಡಕ್ಕೂ ಎತ್ತರಕ್ಕೂ 1.5 ಮೀಟರಿಗೊಂದು, ಸಾಲಿಂದ ಸಾಲಿಗೆ ಅಂತರ ತಪ್ಪಿಸಿ, ಹೊರಕ್ಕೆ ಸ್ವಲ್ಪ ವಾಲಿಸಿ. ಹಿಂದೆ ಒಂದು ಅಡಿ ಅಗಲಕ್ಕೆ 20-40 ಮಿ.ಮೀ. ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಜಲ್ಲಿ ಹಾಕದೆ ತೂತು ಮಾತ್ರ ಬಿಟ್ಟರೆ ಶೇಡಿ ಬಂದು ಒಂದೇ ಮಳೆಗಾಲದಲ್ಲಿ ಮುಚ್ಚುತ್ತದೆ. ಕಟ್ಟಿದ ಗೋಡೆಯಲ್ಲಿ ತೂತು ಇದ್ದೂ ಜುಲೈನಲ್ಲಿ ಒಣಗಿ ನಿಂತಿದ್ದರೆ ಖುಷಿಪಡಬೇಡಿ, ನೀರು ಹಿಂದೆ ಕೂತಿದೆ ಅಂತ ಅರ್ಥ.

ಜಾಲರಿ ಪೆಟ್ಟಿಗೆಯ ಗೇಬಿಯನ್ ನಿಮ್ಮಂಥ ಜಾಗಕ್ಕೆ ಒಗ್ಗುತ್ತದೆ. 2 ಮೀಟರ್ ಉದ್ದ, 1 ಮೀಟರ್ ಅಗಲ ಮತ್ತು ಎತ್ತರದ ಪೆಟ್ಟಿಗೆ, 10-20 ಸೆಂ.ಮೀ. ಗಾತ್ರದ ಕಾಟುಕಲ್ಲು. ನೀರು ತಾನೇ ಬಸಿಯುತ್ತದೆ, ತಳ ಸ್ವಲ್ಪ ಕುಸಿದರೂ ಸೀಳುವುದಿಲ್ಲ. ಜಂಬಿಟ್ಟಿಗೆ ಚೂರು ತುಂಬಬೇಡಿ, ಸವೆದು ಪುಡಿಯಾಗುತ್ತದೆ. 3 ಮೀಟರ್ ಮೀರಿದ ಯಾವ ಗೋಡೆಯನ್ನೂ ಎಂಜಿನಿಯರ್ ನೋಡದೆ ಕಟ್ಟಬೇಡಿ.

ಜಾಗ ಇರುವ ಕಡೆ ಗೋಡೆಗಿಂತ ಧರೆಯನ್ನೇ ಇಳಿಜಾರು ಮಾಡುವುದು ಅಗ್ಗ. 1 ಮೀಟರ್ ಎತ್ತರಕ್ಕೆ 1 ಮೀಟರ್ ಹಿಂದಕ್ಕೆ, 3 ಮೀಟರಿಗೊಂದು ಮೆಟ್ಟಿಲು, ಮೆಟ್ಟಿಲು ಗುಡ್ಡದ ಕಡೆಗೆ ವಾಲಿರಲಿ, ಅದರಲ್ಲೇ ಚರಂಡಿ. ಯಾವಾಗಲೂ ಮೇಲಿಂದ ಕೆಳಗೆ ಕಡಿಯಬೇಕು. ಕೆಳಗಿಂದ ಶುರುಮಾಡುವ ಜೆಸಿಬಿಯವರನ್ನು ವಾಪಸ್ ಕಳಿಸಿ.

ಬ್ಯಾಣದಂಚು

ಎಲ್ಲರಿಗೂ ವಂದನೆ. ಇಂಗುಗುಂಡಿ ಮತ್ತು ಗೋಡೆ ಎರಡನ್ನೂ ಈ ವರ್ಷಕ್ಕೆ ಬಿಟ್ಟೆವು. ಇನ್ನೂ ನಾಲ್ಕು ಕೇಳುವುದಿದೆ. ಬಿರುಕನ್ನು ಸಿಮೆಂಟ್ ಹಾಲು ಸುರಿದು ಮುಚ್ಚಬಹುದಾ? ಧರೆಯ ಅಂಚಿನಲ್ಲಿ ದೊಡ್ಡ ಮರಗಳಿವೆ, ತೆಗೆಯಬೇಕಾ? ಲಾವಂಚ ನೆಟ್ಟರೆ ಸಾಕು ಅನ್ನುತ್ತಾರೆ, ನಿಜವಾ? ಮತ್ತೆ ರಾತ್ರಿ ಹೊತ್ತು ಕರೆಂಟು, ನೆಟ್‌ವರ್ಕ್ ಎರಡೂ ಇರುವುದಿಲ್ಲ. ಯಾರಿಗೆ ಯಾರು ಹೇಳುವುದು?

ಕಾಟುಕಲ್ಲು

ಸಿಮೆಂಟ್ ಬೇಡ. ಮಣ್ಣಿಗೆ ಅಂಟುವುದಿಲ್ಲ, ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ, ಚಲನೆ ಕಣ್ಣಿಗೆ ಕಾಣದ ಹಾಗೂ ಆಗುತ್ತದೆ. ಬಿರುಕಿನ ಬಾಯಿಯನ್ನು ಒಂದು ಅಡಿ ಆಳಕ್ಕೆ ಅಗಲ ಮಾಡಿ, ಹದವಾಗಿ ನೆನೆಸಿದ ಜೇಡಿ ಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ತುಂಬಿ ದಿಮ್ಮಸಿನಿಂದ ಬಡಿಯಿರಿ. ನೀರು ಜಾರುವಂತೆ ಮೇಲೆ ಉಬ್ಬಾಗಿ ಬಿಡಿ. ಅದರ ಮೇಲೆ ಟಾರ್ಪಾಲು, ಎರಡೂ ಕಡೆ 2 ಮೀಟರ್ ಚಾಚಿರಲಿ. ಮೇಲಂಚನ್ನು ಒಂದು ಅಡಿ ಗುಂಡಿಯಲ್ಲಿ ಹೂಳಬೇಕು, ಇಲ್ಲದಿದ್ದರೆ ನೀರು ಹಾಳೆಯ ಅಡಿಯಲ್ಲೇ ನುಗ್ಗುತ್ತದೆ. ಭಾರಕ್ಕೆ ಮರಳು ತುಂಬಿದ ಚೀಲ. ದನ ತುಳಿಯದ ಹಾಗೆ ಬೇಲಿ. ಗಾಳಿಗೆ ಹರಿದ ತೂತನ್ನು ವಾರಕ್ಕೊಮ್ಮೆ ನೋಡಿ.

ಮರ: ಧರೆ ಎಷ್ಟು ಎತ್ತರವೋ ಅಂಚಿನಿಂದ ಅಷ್ಟು ದೂರದೊಳಗಿನ, ವಾಲಿದ ಅಥವಾ ಗಾಳಿಗೆ ಬುಡ ಅಲುಗುವ ಮರವನ್ನು ಮಾತ್ರ 3 ಅಡಿ ಬಿಟ್ಟು ಕಡಿಯಿರಿ. ಬೊಡ್ಡೆ ಕೀಳಬೇಡಿ, ಕಿತ್ತ ಗುಂಡಿಯೇ ನೀರಿಗೆ ಬಾಗಿಲು. ಬೇರು ಕೊಳೆಯಲು ಕೆಲವು ವರ್ಷ ಬೇಕು, ಅಷ್ಟರಲ್ಲಿ ಬೇರೆ ಬೇರು ಹಿಡಿಯಬೇಕು. ಉಳಿದ ಮರ ಇರಲಿ, ಅವು ಹಿಡಿದುಕೊಂಡಿರುವುದಕ್ಕೇ ಧರೆ ಇಷ್ಟು ವರ್ಷ ನಿಂತಿರುವುದು. ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಕೇಳಿ, ಸ್ವಂತ ಜಮೀನಾದರೂ.

ಲಾವಂಚ ಒಳ್ಳೆಯದು, ಬೇರು 2-3 ಮೀಟರ್ ಆಳಕ್ಕೆ ನೆಟ್ಟಗೆ ಇಳಿಯುತ್ತದೆ. ಆದರೆ ಈ ಮಳೆಗಾಲಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೃಗಶಿರಾ ಹನಿದ ಕೂಡಲೇ ಎರಡು ಮೂರು ಕವಲಿನ ಸಸಿಯನ್ನು ಒಂದು ಗೇಣಿಗೆ ಕತ್ತರಿಸಿ, 12 ಸೆಂ.ಮೀ.ಗೊಂದರಂತೆ ಅಡ್ಡ ಸಾಲಿನಲ್ಲಿ ನೆಡಿ. ಎತ್ತರದಲ್ಲಿ 1 ಮೀಟರಿಗೊಂದು ಸಾಲು. 20 ಮೀಟರ್ ಸಾಲಿಗೆ ಸುಮಾರು 165 ಸಸಿ. ಬೇರಿಗಿಂತ ಆಳದಲ್ಲಿ ಜಾರುವ ಧರೆಯನ್ನು ಅದು ತಡೆಯಲಾರದು. ಮೇಲ್ಮಣ್ಣು ಕೊಚ್ಚಿಹೋಗುವುದನ್ನು ತಡೆಯುತ್ತದೆ.

ಒಂಟಿಸಂಕ

ಊರು ಬಿಡುವ ವಿಚಾರ ನಾನು ಹೇಳುತ್ತೇನೆ. ನಿಮ್ಮಲ್ಲಿ 11 ಮನೆ ಧರೆ ಕೆಳಗೆ, 17 ಮನೆ ಹೊರಗೆ. ದೂರದ ಶಾಲೆ, ಕಲ್ಯಾಣಮಂಟಪಕ್ಕಿಂತ ಮನೆಗೆ ಮನೆ ಜೋಡಿಸಿ: ಇಂಥವರು ಇಂಥವರ ಮನೆಗೆ ಅಂತ ಈಗಲೇ. ಶಾಲೆಗೆ ಬಾ ಅಂದರೆ ವಯಸ್ಸಾದವರು ಏಳುವುದಿಲ್ಲ, ಪರಿಚಯದ ಮನೆಗಾದರೆ ಊಟ ಮುಗಿಸಿ ಹೋಗಿ ಮಲಗುತ್ತಾರೆ. ಆದರೆ ಆ 17ರಲ್ಲಿ ಹಳ್ಳದ ದಂಡೆಯ ಮನೆಗಳನ್ನು ಬಿಟ್ಟುಬಿಡಿ. ವಯನಾಡಿನಲ್ಲಿ ಮೇಲೆಲ್ಲೋ ಜಾರಿದ್ದು ಹೊಳೆಯ ಪಾತ್ರ ಹಿಡಿದು ಕಿಲೋಮೀಟರುಗಟ್ಟಲೆ ಕೆಳಗಿನ ಊರಿಗೆ ಬಂತು, ಧರೆ ಇಲ್ಲದ ಮನೆಗಳಿಗೂ.

ತೀರ್ಮಾನ ಸಂಜೆ 5ಕ್ಕೆ. ಮಳೆಪಟ್ಟಿ ಅವರು ಹೇಳಿದ ಗೆರೆ ದಾಟಿದ್ದರೆ, ಅಥವಾ ಕೆಳಗಿನ ಯಾವುದಾದರೂ ಒಂದು ಕಂಡಿದ್ದರೆ, ಮಳೆ ಆಗ ನಿಂತಿದ್ದರೂ ಹೊರಡುವುದು: ಧರೆಯಲ್ಲಿ ಹೊಸ ಕಡೆ ಜಲ ಎದ್ದಿದ್ದು, ಇದ್ದ ಒಸರು ಕೆಂಪಾಗಿದ್ದು, ಹಿಂಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದ್ದು, ಬಚ್ಚಲ ನೆಲ ಉಬ್ಬಿದ್ದು, ಬೇಲಿ ಕಂಬ ಅಥವಾ ಮರ ಹೊಸದಾಗಿ ವಾಲಿದ್ದು, ಸಣ್ಣ ಕಲ್ಲು ಉದುರುತ್ತಲೇ ಇರುವುದು. ಜೋರು ಮಳೆಯಲ್ಲೂ ಹಳ್ಳದ ನೀರು ಒಮ್ಮೆಲೇ ಇಳಿದರೆ ಸಂಜೆಯವರೆಗೂ ಕಾಯಬೇಡಿ. ಮೇಲೆ ಮಣ್ಣು ಮರ ಅಡ್ಡಬಿದ್ದು ಕಟ್ಟೆ ಆಗಿದೆ, ಅದು ಒಡೆಯುತ್ತದೆ. ತಕ್ಷಣ ಹಳ್ಳದಿಂದ ಮೇಲಕ್ಕೆ, ಪಕ್ಕಕ್ಕೆ ಸರಿಯಿರಿ.

ಯಾವ ಕಾರಣಕ್ಕೋ ಹೊರಡಲಾಗದ ರಾತ್ರಿ ಧರೆಗೆ ಅತಿ ದೂರದ ಕೋಣೆಯಲ್ಲಿ, ಮಹಡಿ ಇದ್ದರೆ ಮಹಡಿಯಲ್ಲಿ ಮಲಗಿ. ನಮ್ಮ ಮನೆಗಳಲ್ಲಿ ಬಚ್ಚಲು, ಅಡುಗೆಮನೆ ಧರೆಯ ಕಡೆಗೇ ಇರುವುದು. ಬೆಚ್ಚಗಿರುತ್ತದೆ ಅಂತ ಬಚ್ಚಲೊಲೆ ಪಕ್ಕ ಅಜ್ಜಿಯನ್ನು ಮಲಗಿಸುವ ರೂಢಿ ಈ ಎರಡು ತಿಂಗಳು ನಿಲ್ಲಲಿ.

ಹೇಳುವ ಬಗೆ: ಕರೆಂಟು ಹೋದ ಕೆಲವು ಗಂಟೆಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ವಾಟ್ಸಾಪ್ ಗುಂಪು ಆಗ ಸತ್ತಂತೆ. ದೇವಸ್ಥಾನದ ಗಂಟೆ ನಿಲ್ಲದೆ 2 ನಿಮಿಷ, ಜೊತೆಗೆ ಮನೆಗೊಂದು ಸೀಟಿ. ಜಡಿಮಳೆಯ ಸದ್ದಿನಲ್ಲಿ ಕೂಗು ಕೇಳುವುದಿಲ್ಲ, ಸೀಟಿ ಕೇಳುತ್ತದೆ. ಆದರೂ ಗಂಟೆ ಸಾಲದು. 11 ಮನೆಗೆ ಇಬ್ಬಿಬ್ಬರಂತೆ ಹೆಸರು ಹಚ್ಚಿ, ಅವರು ಬಾಗಿಲು ತಟ್ಟಿ ತಲೆ ಎಣಿಸಬೇಕು. ಮೊಬೈಲು ಇರುವಾಗಲೇ ಜಿಲ್ಲಾ ತುರ್ತು ಸಂಖ್ಯೆ 1077ಕ್ಕೆ ತಿಳಿಸಿ. 112, 108, ಮೆಸ್ಕಾಂನ 1912 ಗೋಡೆ ಮೇಲೆ ದೊಡ್ಡದಾಗಿ ಬರೆದಿರಲಿ. ಬ್ಯಾಟರಿ ರೇಡಿಯೊ ಒಂದಿದ್ದರೆ ಭದ್ರಾವತಿ ಆಕಾಶವಾಣಿ ಸಿಗುತ್ತದೆ.

ಹಾಸಿಗೆ ಹಿಡಿದವರು ಎಷ್ಟು ಮಂದಿ ಅಂತ ಮೊದಲು ಪಟ್ಟಿ ಮಾಡಿ, ಒಬ್ಬರಿಗೆ ನಾಲ್ಕು ಹೆಗಲು ಬೇಕು. 7 ಅಡಿಯ ಎರಡು ಬಿದಿರು, ಮೂರು ಗೋಣಿಚೀಲ. ಚೀಲದ ತಳದ ಎರಡು ಮೂಲೆ ಕತ್ತರಿಸಿ ಬಿದಿರು ತೂರಿಸಿದರೆ ಡೋಲಿ. ಈಗಲೇ ಒಮ್ಮೆ ದಪ್ಪ ಆಳನ್ನು ಮಲಗಿಸಿ ಹೊತ್ತು ನೋಡಿ. ಕೊಟ್ಟಿಗೆಯ ಹಗ್ಗಕ್ಕೆ ಎಳೆದರೆ ಬಿಚ್ಚುವ ಗಂಟು ಹಾಕಿ. ಪಹಣಿ, ಆಧಾರ್, ಪಾಸ್‌ಬುಕ್ ಜೊತೆಗೆ ಒಂದು ವಾರದ ಗುಳಿಗೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ.

ಸಂಕದ ಮಾತು. ನೆರೆ ಎಷ್ಟು ಏರಿತು ಅಂತ ತಿಳಿಯಲು ಶಿವಮೊಗ್ಗದವರು ತುಂಗೆಯ ಮಂಟಪ ನೋಡುತ್ತಾರೆ, ತೀರ್ಥಹಳ್ಳಿಯವರು ರಾಮಮಂಟಪ, ಕಳಸದ ಕಡೆಯವರು ಹೆಬ್ಬಾಳೆ ಸೇತುವೆ. ನಿಮ್ಮ ಹಳ್ಳಕ್ಕೂ ಒಂದು ಗುರುತು ಬೇಕು. ಸಿಮೆಂಟ್ ಸಂಕದ ಕಂಬಕ್ಕೆ ಕೆಂಪು ಬಣ್ಣದಲ್ಲಿ ಹಾಸಿನಿಂದ ಒಂದು ಅಡಿ ಕೆಳಗೆ ಗೆರೆ ಎಳೆಯಿರಿ. ನೀರು ಗೆರೆ ಮುಟ್ಟಿದರೆ ಸಂಕ ಬಂದ್, ಮಕ್ಕಳಿಗೂ ಹಾಲು ಹಾಕುವವರಿಗೂ. ನೀರು ಇನ್ನೂ ಕೆಳಗಿದೆಯಲ್ಲ ಅನ್ನಬಾರದು, ತೇಲಿಬರುವ ದಿಮ್ಮಿ ಆ ಒಂದು ಅಡಿಯಲ್ಲೇ ಬಂದು ಹೊಡೆಯುವುದು. ದಬ್ಬೆ ಸಂಕವನ್ನು ಆರಿದ್ರಾಕ್ಕೆ ಮೊದಲೇ ಬಿಚ್ಚಿಡುವುದು ಒಳ್ಳೆಯದು. ಇರಲೇಬೇಕು ಅಂದರೆ ಹಾವಸೆಗೆ ಜಾರದಂತೆ ಕೋಳಿ ಜಾಲರಿ ಹೊಡೆದು, ಎರಡೂ ಕಡೆ ಹಿಡಿಯಲು ಹಗ್ಗ ಕಟ್ಟಿ. ಹರಿಯುವ ನೀರು ಅರ್ಧ ಅಡಿ ಇದ್ದರೂ ಕಾಲು ಕೀಳುತ್ತದೆ, ಒಂದು ಅಡಿಗೆ ಸಣ್ಣ ಕಾರು ತೇಲುತ್ತದೆ.

ಸೈಜುಗಲ್ಲು

ಒಂದು ಬಿಟ್ಟುಹೋಗಿತ್ತು. ಧರೆ ಸ್ವಲ್ಪ ಜಾರಿ ಹಿತ್ತಲಿಗೆ ಮಣ್ಣು ಬಂದು ಕೂತರೆ ಮಳೆ ಹೊಯ್ಯುತ್ತಿರುವಾಗ ಜೆಸಿಬಿ ತರಿಸಿ ತೆಗೆಸಬೇಡಿ. ಆ ಮಣ್ಣಿನ ಗುಡ್ಡೆಯೇ ಈಗ ಧರೆಯ ಬುಡಕ್ಕೆ ಆನಿಕೆ. ಅದನ್ನು ತೆಗೆದರೆ ಎರಡನೇ ಕುಸಿತ ಬರುತ್ತದೆ, ಅದೂ ಕೆಲಸ ಮಾಡುವವರ ಮೇಲೆ. ನೀರು ಹೋಗುವಷ್ಟು ಬದಿಯಲ್ಲಿ ಕೈಗಾಲುವೆ ಬಿಡಿಸಿ, ಮನೆ ಖಾಲಿ ಮಾಡಿ, ಒಣಗಿದ ಮೇಲೆ ಮೇಲಿಂದ ತೆಗೆಯಿರಿ. ಯಾರಾದರೂ ಸಿಕ್ಕಿಕೊಂಡಿದ್ದರೆ ತೆಗೆಯಲೇಬೇಕು. ಆಗ ಒಬ್ಬ ಬೇರೇನೂ ಮಾಡದೆ ಧರೆಯನ್ನೇ ನೋಡುತ್ತಾ ಸೀಟಿ ಹಿಡಿದು ನಿಂತಿರಬೇಕು. ಮುಟ್ಟುವ ಮೊದಲು ಫೋಟೊ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ಕಳಿಸಿ, ಪರಿಹಾರದ ಅರ್ಜಿಗೆ ಬೇಕಾಗುತ್ತದೆ. ಈಗಿನ ಸ್ಥಿತಿಯ ಫೋಟೊ ಇದ್ದರೆ ಇನ್ನೂ ಗಟ್ಟಿ.

ನೆರೆ ನೀರು ಹೊಕ್ಕ ಬಾವಿಯನ್ನು ಕೆಸರು ತೆಗೆದು ಬರಿದು ಮಾಡಿ, ಮತ್ತೆ ತುಂಬಿದ ಮೇಲೆ ಬ್ಲೀಚಿಂಗ್ ಪುಡಿ. ಸಾಧಾರಣ ಲೆಕ್ಕ 1,000 ಲೀಟರಿಗೆ 2.5 ಗ್ರಾಂ. 6 ಅಡಿ ಅಗಲದ ಬಾವಿಯಲ್ಲಿ 10 ಅಡಿ ನೀರಿದ್ದರೆ 8,000 ಲೀಟರ್, 20 ಗ್ರಾಂ. ಕದಡಿದ ನೀರು ಹೆಚ್ಚು ಕೇಳುತ್ತದೆ. ಒಂದು ಗಂಟೆಯ ನಂತರ ಆಶಾ ಕಾರ್ಯಕರ್ತೆಯ ಬಳಿ ಕಿಟ್ ಇದ್ದರೆ ಪರೀಕ್ಷಿಸಿ, ಲೀಟರಿಗೆ 0.5 ಮಿ.ಗ್ರಾಂ. ಕ್ಲೋರಿನ್ ಉಳಿದಿಲ್ಲವಾದರೆ ಇನ್ನಷ್ಟು ಹಾಕಿ. ಹೋದ ವರ್ಷದ ಚೀಲ ಬಳಸಬೇಡಿ, ಥಂಡಿಗೆ ಶಕ್ತಿ ಹೋಗಿರುತ್ತದೆ.

ಬ್ಯಾಣದಂಚು

ಕಾಲುವೆಗೆ ಗೂಟ ಹೊಡೆದಾಯಿತು. ಬಿರುಕು ಮುಚ್ಚಿದ ಮೇಲೆ ಅದು ಅಗಲವಾಗುತ್ತಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಮಳೆಪಟ್ಟಿ

ಮುಚ್ಚುವ ಮೊದಲೇ ಗೂಟ ಇಡಿ. ಬಿರುಕಿನ ಮೇಲ್ಗಡೆ ಒಂದು, ಕೆಳಗಡೆ ಒಂದು, ಟಾರ್ಪಾಲಿನ ಹೊರಗೆ ಬರುವಂತೆ ನಡುವೆ 5 ಮೀಟರ್. ಇಂಥ ಮೂರು ಜೋಡಿ: ಎರಡು ತುದಿ, ಒಂದು ನಡು. ಮುಕ್ಕಾಲು ಇಂಚಿನ ಕಬ್ಬಿಣದ ಸರಳು, 3 ಅಡಿ ಉದ್ದ, ಎರಡೂವರೆ ಅಡಿ ನೆಲದೊಳಗೆ. ಮರದ ಗೂಟ ಉಬ್ಬಿ ವಾಲುತ್ತದೆ. ಸರಳಿನ ತಲೆಗೆ ಗರಗಸದಲ್ಲಿ ಗೀರು ಹಾಕಿ, ಗೀರಿಂದ ಗೀರಿಗೆ ಸ್ಟೀಲ್ ಟೇಪಿನಲ್ಲಿ ಅಳೆಯಿರಿ. ದಾರ, ಬಟ್ಟೆ ಟೇಪು ಬೇಡ, ನೆನೆದರೆ ಹಿಗ್ಗುತ್ತವೆ. ಬೆಳಿಗ್ಗೆ ಮಳೆ ಓದುವವರೇ ಇದನ್ನೂ ಬರೆಯಲಿ, ಒಬ್ಬರೇ ಅಳೆಯಲಿ. 1-2 ಮಿ.ಮೀ. ಏರುಪೇರು ಟೇಪು ಎಳೆಯುವ ಬಿಗಿಯದು. ನೋಡಬೇಕಾದ್ದು ಓಟ: ಒಂದು ದಿನ 2, ಮರುದಿನ 4, ಆಮೇಲೆ 9 ಅಂತ ಏರುತ್ತಾ ಹೋದರೆ ಮಳೆಯ ಅಂಕಿ ಎಷ್ಟೇ ಇರಲಿ, 11 ಮನೆಯೂ ಅಂದೇ ಖಾಲಿ. ಆ ಸ್ಥಿತಿಗೆ ಬಂದ ಮೇಲೆ ಅಳೆಯಲು ಯಾರೂ ಮೇಲೆ ಹತ್ತಬಾರದು. ಮನೆಯ ಅಂಗಳದಿಂದಲೇ ಕಾಣುವಂತೆ ಕೆಳಗಿನ ಸರಳುಗಳ ಸಾಲಿಗೆ ಬಿಳಿ ಬಣ್ಣ ಬಳಿದಿಡಿ, ಸಾಲು ಬಾಗಿದ್ದು ದೂರದಿಂದಲೇ ತಿಳಿಯುತ್ತದೆ.